‘ಹೊಲದಿಂದ’ ಮತ್ತು ‘ತಟ್ಟೆಗೆ’: ಇವೆರಡರ ನಡುವೆ ಏನಿದೆ?

(ಆಹಾರದ ದಾರಿಯನ್ನು ಜನಸಾಮಾನ್ಯರಿಗೆ ಪರಿಚಯಿಸುವ ಬಗ್ಗೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮಲ್ಲಿ ಕೆಲವರ ಕೈಗೆ ಒಂದೊಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟಿದ್ದೇವೆ. ದಯವಿಟ್ಟು ಈಗಲೇ ಒಡೆಯಬೇಡಿ. ಅದರ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ಬ್ಯಾಚ್ ನಂಬರ್ ಅಂತ ಇರುತ್ತದೆ. ನನ್ನ ಮಾತು ಬೇಸರ ತರಿಸಿದಾಗಲೆಲ್ಲ ಅದನ್ನು ಹುಡುಕುತ್ತಿರಿ. ಕೊನೆಯಲ್ಲಿ ಕೇಳುತ್ತೇನೆ.

ನಾನು ಹೋದ ಕಡೆಯೆಲ್ಲ ಮೊದಲು ಒಂದು ಆಟ ಆಡಿಸುವುದುಂಟು. ಒಂದು ಬಿಳಿ ಹಾಳೆ ಕೊಟ್ಟು, ಎಡತುದಿಯಲ್ಲಿ ಹೊಲ ಬರೆಯಿರಿ, ಬಲತುದಿಯಲ್ಲಿ ಊಟದ ತಟ್ಟೆ ಬರೆಯಿರಿ, ನಡುವೆ ಏನೇನಿದೆಯೋ ಅದನ್ನು ತುಂಬಿ ಅಂತ ಹೇಳುತ್ತೇನೆ. ಮಕ್ಕಳು ಹೊಲವನ್ನು ಚೆನ್ನಾಗಿ ಬರೆಯುತ್ತಾರೆ. ಸೂರ್ಯ ಇರುತ್ತಾನೆ, ಹಸು ಇರುತ್ತದೆ, ಎರಡು ಗುಡ್ಡವೂ ಇರುತ್ತವೆ. ತಟ್ಟೆಯಲ್ಲಿ ಹಬೆಯಾಡುತ್ತಿರುತ್ತದೆ. ನಡುವೆ ಒಂದು ಲಾರಿ. ದೊಡ್ಡವರು ಬರೆದರೂ ಅಷ್ಟೇ, ಒಂದು ಲಾರಿ. ಬಹಳ ಓದಿಕೊಂಡವರಾದರೆ ಲಾರಿಯ ಪಕ್ಕದಲ್ಲಿ ಒಂದು ಅಂಗಡಿ.

‘ಹೊಲದಿಂದ ತಟ್ಟೆಗೆ’ ಎನ್ನುವ ಮಾತನ್ನು ನೀವು ಪೋಸ್ಟರಿನಲ್ಲಿ, ಭಾಷಣದಲ್ಲಿ, ಪಠ್ಯಪುಸ್ತಕದಲ್ಲಿ ಕಂಡಿದ್ದೀರಿ. ಕನ್ನಡದಲ್ಲಿ ಅದು ಎಷ್ಟು ಸಲೀಸು ನೋಡಿ. ಒಂದು ‘ಇಂದ’, ಒಂದು ‘ಗೆ’. ಎರಡು ವಿಭಕ್ತಿ ಪ್ರತ್ಯಯ ಅಂಟಿಸಿದರೆ ಪ್ರಯಾಣ ಮುಗಿಯಿತು. ಡೀಸೆಲ್ ಬೇಡ, ಐಸು ಬೇಡ, ಹಮಾಲರು ಬೇಡ, ರಸೀದಿ ಬೇಡ. ಇವತ್ತು ನನ್ನ ಮಾತೆಲ್ಲ ಆ ‘ಇಂದ’ಕ್ಕೂ ‘ಗೆ’ಗೂ ನಡುವೆ ಬಿಟ್ಟುಹೋಗಿರುವ ಜಾಗದ ಬಗ್ಗೆ. ಜನರಿಗೆ ಕಲಿಸಬೇಕಾದದ್ದು ಇರುವುದು ಅಲ್ಲೇ, ನಾವು ಕಲಿಸದೆ ಬಿಟ್ಟಿರುವುದೂ ಅದನ್ನೇ ಅನ್ನುವುದು ನನ್ನ ತಕರಾರು.

ಆದರೆ ಈ ವಿಷಯ ಎತ್ತಿದ ಕೂಡಲೇ ಯಾರಾದರೂ ಜನರ ಅಜ್ಞಾನದ ಮೇಲೆ ಒಂದು ಜೋಕು ಹೇಳುತ್ತಾರೆ. ಅದನ್ನು ಮೊದಲೇ ಮುಗಿಸಿಬಿಡೋಣ. 1957ರ ಏಪ್ರಿಲ್ 1ರಂದು ಬಿಬಿಸಿ ತನ್ನ ‘ಪನೋರಮಾ’ ಕಾರ್ಯಕ್ರಮದಲ್ಲಿ ಒಂದು ಪುಟ್ಟ ಚಿತ್ರ ತೋರಿಸಿತು. ಸ್ವಿಟ್ಜರ್ಲೆಂಡಿನ ಒಂದು ಕುಟುಂಬ ಮರದ ಕೊಂಬೆಗಳಿಂದ ಸ್ಪಗೆಟಿಯ, ಅಂದರೆ ಗೋಧಿ ಹಿಟ್ಟಿನಿಂದ ಮಾಡುವ ಶಾವಿಗೆಯಂಥ ತಿನಿಸಿನ, ಎಳೆಗಳನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದೆ, ಬಿಸಿಲಿಗೆ ಹರಡುತ್ತಿದೆ. ವಿವರಣೆ ಕೊಟ್ಟವರು ರಿಚರ್ಡ್ ಡಿಂಬಲ್‌ಬಿ, ಆ ಕಾಲದ ಬಹಳ ನಂಬಿಕಸ್ಥ ದನಿ. ಈ ವರ್ಷ ಸ್ಪಗೆಟಿ ಹುಳುವಿನ ಕಾಟ ಇಲ್ಲ, ಬೆಳೆ ಚೆನ್ನಾಗಿ ಬಂದಿದೆ ಅಂದರು. ಎಳೆಗಳೆಲ್ಲ ಒಂದೇ ಉದ್ದ ಇರುವುದು ತಲೆಮಾರುಗಳಿಂದ ತಳಿ ಸುಧಾರಿಸಿದವರ ತಾಳ್ಮೆಯ ಫಲ ಅಂತಲೂ ಅಂದರು. ನೋಡಿದವರಲ್ಲಿ ಎಷ್ಟೋ ಜನ ಫೋನ್ ಮಾಡಿ ಆ ಗಿಡ ಎಲ್ಲಿ ಸಿಗುತ್ತದೆ, ಹೇಗೆ ಬೆಳೆಸುವುದು ಅಂತ ಕೇಳಿದರು. ಒಂದು ಎಳೆಯನ್ನು ಟೊಮೆಟೊ ಸಾಸಿನ ಡಬ್ಬಿಯಲ್ಲಿ ನೆಟ್ಟು ಒಳ್ಳೆಯದಾಗಲಿ ಅಂತ ಹಾರೈಸಿ ಅನ್ನುವುದು ಬಿಬಿಸಿ ಕೊಟ್ಟ ಉತ್ತರ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಜಾತಿಯ ಕಥೆ.

ಇದರ ತಮ್ಮನಂತೆ ಇನ್ನೊಂದು ಕಥೆ 2017ರಲ್ಲಿ ಓಡಾಡಿತು. ಅಮೆರಿಕದ ವಯಸ್ಕರಲ್ಲಿ ಶೇ. 7ರಷ್ಟು ಜನ ಚಾಕೊಲೇಟ್ ಹಾಲು ಕಂದು ಬಣ್ಣದ ಹಸುವಿನಿಂದ ಬರುತ್ತದೆ ಅಂತ ನಂಬಿದ್ದಾರಂತೆ. ಹೈನು ಉದ್ಯಮದವರು ಮಾಡಿಸಿದ ಸಮೀಕ್ಷೆ ಅದು. ಲೋಕವೆಲ್ಲ ನಕ್ಕಿತು. ಆಮೇಲೆ ಕೆಲವು ಪತ್ರಕರ್ತರು ಪೂರ್ತಿ ಫಲಿತಾಂಶ ಕೊಡಿ ಅಂತ ಕೇಳಿದರೆ, ಅದನ್ನು ಸಾರ್ವಜನಿಕರ ಮುಂದೆ ಇಡಲೇ ಇಲ್ಲ. ಪ್ರಶ್ನೆ ಹೇಗೆ ಕೇಳಿದ್ದರು, ಯಾವ ಯಾವ ಉತ್ತರಗಳ ಆಯ್ಕೆ ಕೊಟ್ಟಿದ್ದರು ಅನ್ನುವುದು ಗೊತ್ತಿಲ್ಲದೆಯೇ ನಾವೆಲ್ಲ ಆ ಶೇ. 7ನ್ನು ನುಂಗಿದ್ದೆವು. ನಾನೂ ಎರಡು ಭಾಷಣಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಈಗ ಹೇಳಿ, ಕೊಟ್ಟಿಗೆಗೆ ಕಟ್ಟು ಅಂದವರು ಯಾರು?

ನನಗೆ ಅನಿಸುವುದು, ಗೊತ್ತಿಲ್ಲದಿರುವುದು ಅವಮಾನದ ವಿಷಯವೇ ಅಲ್ಲ. ಗೋಧಿ ಬೆಳೆಯುವವರಿಗೆ ಹಿಟ್ಟಿನ ಗಿರಣಿಯ ಒಳಗು ಗೊತ್ತಿರಬೇಕೆಂದಿಲ್ಲ. ಗಿರಣಿಯವರಿಗೆ ಬೇಕರಿಯ ಹುದುಗು ಗೊತ್ತಿಲ್ಲ. ಲಾರಿ ಓಡಿಸುವವರಿಗೆ ಹಿಂದೆ ತುಂಬಿದ ಪೆಟ್ಟಿಗೆಯಲ್ಲಿ ಏನಿದೆ ಅನ್ನುವುದಕ್ಕಿಂತ ಎಷ್ಟು ಡಿಗ್ರಿಯಲ್ಲಿ ಇಡಬೇಕು ಅನ್ನುವುದು ಮುಖ್ಯ. ಈ ದಾರಿ ಯಾರೊಬ್ಬರ ತಲೆಯಲ್ಲೂ ಪೂರ್ತಿಯಾಗಿ ಇಲ್ಲ. ಆದ್ದರಿಂದ ಕಲಿಯುವ ಸಾಲಿನಲ್ಲಿ ರೈತರೂ ಇದ್ದಾರೆ, ನಾನೂ ಇದ್ದೇನೆ.

ಸರಿ, ಈ ಟೊಮೆಟೊ ನೋಡಿ. (ಇಲ್ಲಿ ಮೇಜಿನ ಮೇಲಿದ್ದ ಒಂದು ಹಣ್ಣನ್ನು ಎತ್ತಿ ತೋರಿಸಿದೆ.) ಗಿಡದಿಂದ ಕಿತ್ತು ಕೆಲವು ದಿನಗಳೇ ಆಗಿವೆ. ಇದು ಸತ್ತಿದೆ ಅನ್ನುವವರು ಕೈ ಎತ್ತಿ. ಬದುಕಿದೆ ಅನ್ನುವವರು? ಎರಡನೆಯವರು ಗೆದ್ದಿರಿ. ಇದು ಈಗ, ನನ್ನ ಅಂಗೈಯಲ್ಲಿ, ಉಸಿರಾಡುತ್ತಿದೆ. ಆಮ್ಲಜನಕ ಎಳೆದುಕೊಳ್ಳುತ್ತಿದೆ, ಒಳಗಿನ ಸಕ್ಕರೆಯನ್ನು ಸುಡುತ್ತಿದೆ, ಇಂಗಾಲದ ಡೈಆಕ್ಸೈಡ್ ಬಿಡುತ್ತಿದೆ, ಸ್ವಲ್ಪ ಶಾಖವನ್ನೂ ಬಿಡುತ್ತಿದೆ. ಗಿಡದಲ್ಲಿ ಇದ್ದಾಗಲೂ ಇದನ್ನೇ ಮಾಡುತ್ತಿತ್ತು. ಆಗ ಬೇರು ನೀರು ಕೊಡುತ್ತಿತ್ತು, ಎಲೆ ಸಕ್ಕರೆ ಕೊಡುತ್ತಿತ್ತು. ತೊಟ್ಟು ಕಳಚಿದ ಕ್ಷಣದಿಂದ ಬರವು ನಿಂತಿತು, ಖರ್ಚು ನಿಲ್ಲಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತೇವಲ್ಲ, ಕೊಯ್ದ ಹಣ್ಣಿನ ಸ್ಥಿತಿ ಅದೇ. ಇದರ ತೂಕದಲ್ಲಿ ಶೇ. 94ರಷ್ಟು ನೀರು. ಆ ನೀರು ತೊಟ್ಟಿದ್ದ ಗಾಯದಿಂದ, ಸಿಪ್ಪೆಯಿಂದ ನಿಧಾನವಾಗಿ ಆರಿಹೋಗುತ್ತದೆ.

ಹೊಲ ಮತ್ತು ತಟ್ಟೆಯ ನಡುವೆ ನಡೆಯುವ ಕೆಲಸದ ಅರ್ಧಪಾಲು ಈ ಖರ್ಚನ್ನು ಕಡಿಮೆ ಮಾಡಿಸುವ ಕೆಲಸ. ಇದನ್ನು ಒಂದು ಸಲ ಮನಸ್ಸಿಗೆ ತಂದುಕೊಂಡರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಟೊಮೆಟೊವನ್ನು ಬೆಳಗಿನ ತಂಪಿನಲ್ಲೇ ಕೊಯ್ಯುವುದು ಯಾಕೆ? ಮಧ್ಯಾಹ್ನ ಕೊಯ್ದರೆ ಹಣ್ಣಿನೊಳಗೆ ಬಿಸಿಲಿನ ಕಾವು ಕೂತಿರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಕಾವು ಇಳಿಸದೆ ಹಾಗೇ ರಾಶಿ ಹಾಕಿದರೆ ಹಣ್ಣುಗಳು ಒಂದನ್ನೊಂದು ಬಿಸಿ ಮಾಡುತ್ತ ಕೂರುತ್ತವೆ. ರಾಶಿಯೊಳಗೆ ಕೈ ತೂರಿಸಿದವರಿಗೆ ಆ ಬೆಚ್ಚಗೆ ಗೊತ್ತು. ಹಾಗಾಗಿ ಪ್ಯಾಕಿಂಗ್ ಹೌಸಿಗೆ ಬಂದ ಕೂಡಲೇ ಮೊದಲ ಕೆಲಸ ತಣ್ಣನೆಯ ಗಾಳಿಯನ್ನು ಕ್ರೇಟುಗಳ ನಡುವೆ ಹಾಯಿಸುವುದು. ಮೂಟೆಯ ಬದಲು ಕ್ರೇಟು ಯಾಕೆ ಅನ್ನುವುದೂ ಇಲ್ಲೇ ಇದೆ. ಮೂಟೆಯಲ್ಲಿ ತಳದ ಹಣ್ಣು ಮೇಲಿನದೆಲ್ಲದರ ಭಾರ ಹೊರುತ್ತದೆ. ಕ್ರೇಟಿನಲ್ಲಿ ಆ ಭಾರವನ್ನು ಪ್ಲಾಸ್ಟಿಕ್ಕಿನ ಗೋಡೆ ಹೊರುತ್ತದೆ, ತೂತುಗಳಿಂದ ಗಾಳಿಯೂ ಆಡುತ್ತದೆ. ಬಹಳ ಸಣ್ಣ ವಿಷಯ, ಆದರೆ ಕೊಳೆಯುವುದನ್ನು ತಡೆಯುವುದರಲ್ಲಿ ದೊಡ್ಡ ದೊಡ್ಡ ಯಂತ್ರಗಳಿಗಿಂತ ಈ ಡಬ್ಬಿ ಕಡಿಮೆಯೇನಲ್ಲ.

ಇನ್ನು ಬಣ್ಣದ ವಿಷಯ. ದೂರ ಹೋಗುವ ಟೊಮೆಟೊವನ್ನು ಪೂರ್ತಿ ಕೆಂಪಾದ ಮೇಲೆ ಕೊಯ್ಯುವುದಿಲ್ಲ. ತುದಿಯಲ್ಲಿ ಚೂರು ಬಣ್ಣ ತಿರುಗುತ್ತಿದ್ದಂತೆ, ಕೆಲವು ಕಡೆ ಬಲಿತ ಹಸಿರು ಕಾಯಿಯಾಗಿದ್ದಾಗಲೇ ಕೊಯ್ಯುತ್ತಾರೆ. ಎಥಿಲೀನ್ ಅನ್ನುವ ಅನಿಲ ಅದನ್ನು ದಾರಿಯಲ್ಲಿ ಹಣ್ಣಾಗಿಸುತ್ತದೆ. ಅದು ಹೊರಗಿನಿಂದ ಬಂದ ವಿಷವಲ್ಲ, ಹಣ್ಣು ತಾನೇ ಹುಟ್ಟಿಸುವ ಅನಿಲ. ಹಣ್ಣು ಮಾಗಿಸುವ ಕೋಣೆಗಳಲ್ಲಿ ಅದನ್ನೇ ಅಳತೆಯಿಂದ ಬಿಡುತ್ತಾರೆ. ಬಾಳೆಗೊನೆಯನ್ನು ಹಸಿರಿದ್ದಾಗ ಕೊಯ್ದು, 13ರಿಂದ 14 ಡಿಗ್ರಿಯಲ್ಲಿ ಹಡಗಿನಲ್ಲಿ ಕಳಿಸಿ, ಬಂದರಿನ ಆಚೆ ಕೋಣೆಯಲ್ಲಿ ಎಬ್ಬಿಸುವುದೂ ಹೀಗೆಯೇ. ಇದಕ್ಕೂ, ಪುಡಿ ಹಾಕಿ ಕದ್ದುಮುಚ್ಚಿ ಮಾಗಿಸುವುದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ತಿಳಿಯದವರಿಗೆ ಎಲ್ಲವೂ ‘ಕೆಮಿಕಲ್’. ಹೆದರಿಕೆಯನ್ನು ಹಂಚುವುದು ಸುಲಭ, ವ್ಯತ್ಯಾಸವನ್ನು ಹೇಳಿಕೊಡಲು ಹೊತ್ತು ಬೇಕು.

ಹಾಗಾದರೆ ಟೊಮೆಟೊವನ್ನು ಆದಷ್ಟು ತಣ್ಣಗೆ ಇಟ್ಟರಾಯಿತಲ್ಲ? ಅಲ್ಲೂ ಒಂದು ಮುಳ್ಳಿದೆ. ಸುಮಾರು 12 ಡಿಗ್ರಿಗಿಂತ ಕೆಳಗೆ ಬಹಳ ದಿನ ಇದ್ದರೆ ಟೊಮೆಟೊಗೆ ಚಳಿಯ ಪೆಟ್ಟು ಬೀಳುತ್ತದೆ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಹಣ್ಣುಗಳನ್ನು 5 ಡಿಗ್ರಿಯಲ್ಲಿ 7 ದಿನ ಇಟ್ಟು ನೋಡಿದರು. ಸಿಹಿ, ಹುಳಿ ಹೆಚ್ಚುಕಡಿಮೆ ಹಾಗೇ ಇದ್ದವು. ಟೊಮೆಟೊವನ್ನು ಟೊಮೆಟೊ ಅನಿಸುವ ಆ ಘಮ ಮಾತ್ರ ಕುಸಿದಿತ್ತು, ಹೊರಗೆ ತೆಗೆದು ಬೆಚ್ಚಗಿಟ್ಟ ಮೇಲೂ ಪೂರ್ತಿ ಮರಳಲಿಲ್ಲ. ಘಮ ಹುಟ್ಟಿಸುವ ಜೀನುಗಳೇ ಚಳಿಗೆ ಬಾಯಿ ಮುಚ್ಚಿಕೊಂಡಿದ್ದವು. ‘ಈಗಿನ ಟೊಮೆಟೊ ಸಪ್ಪೆ’ ಅಂತ ಮೂಗು ಮುರಿಯುವಾಗ ನಾವು ಗೊಬ್ಬರವನ್ನು ಬೈಯುತ್ತೇವೆ, ಬೀಜವನ್ನು ಬೈಯುತ್ತೇವೆ. ನಮ್ಮ ಫ್ರಿಜ್ಜಿನ ಕಡೆ ತಿರುಗಿಯೂ ನೋಡುವುದಿಲ್ಲ.

ಕಾಳಿನ ಕಥೆ ಇದರ ತದ್ವಿರುದ್ಧ, ಬೇಗ ಮುಗಿಸುತ್ತೇನೆ. ಗೋಧಿ ಕಾಳು ಮೊದಲೇ ನಿದ್ದೆಗೆ ಹೋಗುವ ಜೀವ. ಅದನ್ನು ಎಬ್ಬಿಸದಿದ್ದರೆ ಸಾಕು. ಎಬ್ಬಿಸುವುದು ತೇವ. ತೇವಾಂಶ ಶೇ. 12–13ರ ಆಸುಪಾಸು ಇದ್ದರೆ ಗೋದಾಮಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಅದಕ್ಕಿಂತ ಮೇಲೆ ಏರಿದಷ್ಟೂ ಬೂಷ್ಟು, ಹುಳು, ಒಳಗೊಳಗೇ ಕಾವು. ಮೀಟರು ಬಂದಿದ್ದರೂ ಅನುಭವಸ್ಥರು ಇವತ್ತಿಗೂ ಕಾಳನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ ನೋಡುತ್ತಾರೆ. ‘ಕಟ್’ ಅಂತ ಒಡೆದರೆ ಒಣಗಿದೆ, ಮೆತ್ತಗೆ ಅಮುಕಿದರೆ ಇನ್ನೂ ಬಿಸಿಲು ಬೇಕು. ಆಮೇಲೆ ಗಿರಣಿ. ಗೋಧಿಯಲ್ಲಿ ಹೊರಗಿನ ತೌಡು ಸುಮಾರು ಶೇ. 14, ಮೊಳಕೆಯ ಕಣ್ಣು ಶೇ. 2–3, ಉಳಿದದ್ದು ಬಿಳಿ ಹಿಟ್ಟಾಗುವ ತಿರುಳು. ಕಣ್ಣಿನಲ್ಲಿ ಎಣ್ಣೆ ಇದೆ, ಎಣ್ಣೆ ಬೇಗ ಕಮಟುತ್ತದೆ. ಬಿಳಿ ಹಿಟ್ಟು ಬಹಳ ದಿನ ಬರುವುದಕ್ಕೆ, ಇಡೀ ಗೋಧಿಯ ಹಿಟ್ಟು ಬೇಗ ವಾಸನೆ ಹಿಡಿಯುವುದಕ್ಕೆ ಕಾರಣ ಇಷ್ಟೇ.

ಹಾಲಿನಲ್ಲಿ ಮಾತ್ರ ಗಡಿಯಾರದ ಮುಳ್ಳು ಬೇರೆಯೇ ವೇಗದಲ್ಲಿ ಓಡುತ್ತದೆ. ಮಕ್ಕಳ ಮುಂದೆ ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತೇನೆ. ಬೆಚ್ಚಗಿನ, ಅನುಕೂಲದ ಜಾಗ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದರಿಂದ ಶುರು ಮಾಡಿ. ಒಂದು ಗಂಟೆಗೆ 8. ಮೂರು ಗಂಟೆಗೆ 512. ಇಲ್ಲಿಯವರೆಗೆ ಮಕ್ಕಳು ಆಕಳಿಸುತ್ತಿರುತ್ತಾರೆ. ಆರು ಗಂಟೆಗೆ ಎಷ್ಟು ಅಂದರೆ ಪೆನ್ಸಿಲ್ ಹಿಡಿದು ಗುಣಿಸಿ ಗುಣಿಸಿ ಕೊನೆಗೆ ಯಾರೋ ಒಬ್ಬಳು ಕೂಗುತ್ತಾಳೆ: 2,62,144. ಆಗ ಕ್ಲಾಸು ಎದ್ದು ಕೂರುತ್ತದೆ. ಕರೆದ ಹಾಲನ್ನು ಆದಷ್ಟು ಬೇಗ 4 ಡಿಗ್ರಿಗೆ ಇಳಿಸಬೇಕು ಅನ್ನುವುದನ್ನು ಅವರಿಗೆ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ತಂಪು ಕೊಲ್ಲುವುದಿಲ್ಲ, ಮಂಪರು ತರಿಸುತ್ತದೆ. ಕೊಲ್ಲುವುದು ಬಿಸಿ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಬಹುದು, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡು. ಪಾಶ್ಚರೀಕರಣ ಅಂದರೆ ಅಷ್ಟೇ. ಅದು ಕೂಡ ರೋಗ ತರುವ ಬ್ಯಾಕ್ಟೀರಿಯಾಗಳ ಮಟ್ಟಿಗೆ. ಉಳಿದುಕೊಂಡ ಕೆಲವು ಮತ್ತೆ ಬೆಚ್ಚಗಾದರೆ ಎದ್ದುಬಿಡುತ್ತವೆ. ಹಾಗಾಗಿ ಸರಪಳಿಯಲ್ಲಿ ಹತ್ತು ಕೊಂಡಿ ಗಟ್ಟಿಯಿದ್ದು, ಹನ್ನೊಂದನೆಯದಾದ ನಮ್ಮ ಕಾರಿನ ಡಿಕ್ಕಿಯಲ್ಲಿ ಹಾಲು ಎರಡು ಗಂಟೆ ಬಿಸಿಲಿಗೆ ಕೂತರೆ, ಹಿಂದಿನ ಹತ್ತರ ಕಷ್ಟ ನೀರುಪಾಲು.

ಇಷ್ಟೆಲ್ಲ ಕಾರಣ ಗೊತ್ತಾದ ಮೇಲೆ ಈ ಕೆಲಸ ಶುರುವಾಯಿತು ಅಂದುಕೊಳ್ಳಬೇಡಿ. ಫ್ರಾನ್ಸಿನ ನಿಕೊಲಾ ಅಪೇರ್ ಮಿಠಾಯಿ ಮಾಡುತ್ತಿದ್ದ ಮನುಷ್ಯ. ಆಹಾರವನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಿರಡೆ ಬಿಗಿದು, ಕುದಿಯುವ ನೀರಿನಲ್ಲಿ ಇಟ್ಟರೆ ಕೆಡುವುದಿಲ್ಲ ಅಂತ ಕಂಡುಕೊಂಡು 1810ರಲ್ಲಿ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ. ಯಾಕೆ ಕೆಡುವುದಿಲ್ಲ ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಬಂದು ಹೇಳುವ ಹೊತ್ತಿಗೆ ಅರ್ಧ ಶತಮಾನವೇ ಕಳೆದಿತ್ತು. ಇನ್ನೊಂದು ಕೊಂಡಿ, 1882ರಲ್ಲಿ ‘ಡನೀಡಿನ್’ ಅನ್ನುವ ಹಾಯಿಹಡಗು ಹೆಪ್ಪುಗಟ್ಟಿಸಿದ ಮಾಂಸ ಹೊತ್ತು ನ್ಯೂಜಿಲೆಂಡಿನಿಂದ ಲಂಡನ್ನಿಗೆ 98 ದಿನಗಳಲ್ಲಿ ಮುಟ್ಟಿದ್ದು. ಹಾಯಿಗೆ ಗಾಳಿ, ತಂಪಿಗೆ ಕಲ್ಲಿದ್ದಲಿನ ಯಂತ್ರ. ಆ ಹಡಗು ಬಂದ ಮೇಲೆ ಭೂಮಿಯ ಆಚೆ ಬದಿಯಲ್ಲಿ ಕೊಯ್ದದ್ದನ್ನು ಈಚೆ ಬದಿಯಲ್ಲಿ ಉಣ್ಣಬಹುದು ಅನ್ನುವುದು ಮಾಮೂಲಾಯಿತು. ಹೊಲಕ್ಕೂ ತಟ್ಟೆಗೂ ನಡುವಿನ ಜಾಗ ಆಗಲೇ ಇಷ್ಟು ಹಿಗ್ಗಿದ್ದು.

ಈಗ ಇವತ್ತಿನ ಮುಖ್ಯ ಕಥೆಗೆ ಬರುತ್ತೇನೆ. 2011ರ ಮೇ ತಿಂಗಳು, ಉತ್ತರ ಜರ್ಮನಿ. ಆರೋಗ್ಯವಾಗಿದ್ದ ಜನ, ಅದರಲ್ಲೂ ಹೆಂಗಸರೇ ಹೆಚ್ಚು, ರಕ್ತಭೇದಿಯಾಗಿ ಆಸ್ಪತ್ರೆ ಸೇರತೊಡಗಿದರು. ಕೆಲವರ ಮೂತ್ರಪಿಂಡ ಕೈಕೊಟ್ಟಿತು. ಕಾರಣ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ಒಂದು ಅಪರೂಪದ ಬಗೆ. ಏನು ತಿಂದಿದ್ದಿರಿ ಅಂತ ಕೇಳಿದರೆ ಸಲಾಡು, ಸೌತೆಕಾಯಿ, ಟೊಮೆಟೊ, ಎಲೆ ಅಂತ ಉತ್ತರ. ಹ್ಯಾಂಬರ್ಗಿನ ಅಧಿಕಾರಿಗಳು ಮೇ 26ರಂದು ಸ್ಪೇನಿನ ಸೌತೆಕಾಯಿಯ ಮೇಲೆ ಗೂಬೆ ಕೂರಿಸಿದರು. ಅದರಲ್ಲಿ ಇ. ಕೋಲಿ ಸಿಕ್ಕಿದ್ದು ನಿಜ, ಆದರೆ ಅದು ಬೇರೆ ಬಗೆ ಅಂತ ಕೆಲವೇ ದಿನಗಳಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಸ್ಪೇನಿನ ಬೆಳೆಗಾರರು ಸೌತೆಯನ್ನು ತಿಪ್ಪೆಗೆ ಸುರಿಯುತ್ತಿದ್ದರು, ಬೆನ್ನಿಗೇ ರಷ್ಯಾ ಯುರೋಪಿನ ತರಕಾರಿಗೇ ಬಾಗಿಲು ಹಾಕಿತು.

ನಿಜವಾದ ಕಾರಣ ಸಿಕ್ಕಿದ್ದು ಹೇಗೆ ಗೊತ್ತೆ? ರೋಗಿಗಳ ನೆನಪನ್ನು ಬಿಟ್ಟು ಅಡುಗೆಮನೆಯ ನೆನಪಿಗೆ ಹೋದಾಗ. ಒಂದೇ ರೆಸ್ಟೊರೆಂಟಿನಲ್ಲಿ ಊಟ ಮಾಡಿದ ಗುಂಪುಗಳನ್ನು ತನಿಖೆಯವರು ಹಿಡಿದರು. ಯಾರು ಯಾವ ಖಾದ್ಯ ತರಿಸಿಕೊಂಡರು ಅನ್ನುವುದನ್ನು ಬಿಲ್ಲಿನಿಂದ, ಫೋಟೋಗಳಿಂದ ಪತ್ತೆ ಮಾಡಿದರು. ಆಮೇಲೆ ಅಡುಗೆಯವರನ್ನು ಕೂರಿಸಿಕೊಂಡು, ಈ ಖಾದ್ಯಕ್ಕೆ ಏನೇನು ಹಾಕುತ್ತೀರಿ, ಮೇಲೆ ಏನು ಉದುರಿಸುತ್ತೀರಿ ಅಂತ ಒಂದೊಂದಾಗಿ ಕೇಳಿದರು. ಕಾಯಿಲೆ ಬಿದ್ದವರೆಲ್ಲರ ತಟ್ಟೆಯಲ್ಲೂ ಮೊಳಕೆ ಕಾಳು ಇತ್ತು. ಅಲಂಕಾರಕ್ಕೆ ಉದುರಿಸಿದ ಒಂದು ಚಿಟಿಕೆ. ತಿಂದವರಲ್ಲಿ ಬಹುಪಾಲು ಜನಕ್ಕೆ ಅದನ್ನು ತಿಂದ ನೆನಪೇ ಇರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೆಜ್ಜೆ. ಬೇರೆ ಬೇರೆ ಊರುಗಳ ರೋಗಿಗಳ ಗುಂಪುಗಳೆಲ್ಲ ಲೋವರ್ ಸ್ಯಾಕ್ಸನಿಯ ಒಂದೇ ಮೊಳಕೆ ಕಾಳಿನ ಘಟಕಕ್ಕೆ ಕೂಡಿಕೊಂಡವು. ಜೂನ್ 10ರಂದು ಮೊಳಕೆ ಕಾಳು ಅಂತ ಅಧಿಕೃತವಾಗಿ ಹೇಳಿದರು. ಅದೇ ತಿಂಗಳು ಫ್ರಾನ್ಸಿನ ಬೋರ್ಡೊ ಹತ್ತಿರ ಅದೇ ರೋಗ ಕಾಣಿಸಿತು. ಅವರು ತಿಂದದ್ದು ಜರ್ಮನಿಯ ಮೊಳಕೆ ಅಲ್ಲ, ತಾವೇ ಮೊಳೆಸಿಕೊಂಡದ್ದು. ಎರಡೂ ಕಡೆಗೆ ಸಾಮಾನ್ಯವಾಗಿದ್ದದ್ದು ಬೀಜ ಒಂದೇ: 2009ರಲ್ಲಿ ಈಜಿಪ್ಟಿನಿಂದ ಹಡಗಿನಲ್ಲಿ ಬಂದ ಮೆಂತ್ಯ. ಸುಮಾರು 4,000 ಜನ ಕಾಯಿಲೆ ಬಿದ್ದಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ವಿಚಿತ್ರ ಏನೆಂದರೆ, ಆ ಮೆಂತ್ಯದ ಮೇಲೆ ಆ ಬ್ಯಾಕ್ಟೀರಿಯಾ ಕೊನೆಗೂ ಪ್ರಯೋಗಾಲಯದಲ್ಲಿ ಸಿಗಲಿಲ್ಲ. ಸಿಕ್ಕಿದ್ದು ಇನ್‌ವಾಯ್ಸು, ಲಾಟ್ ನಂಬರು (ನಿಮ್ಮ ಪೊಟ್ಟಣದ ಬ್ಯಾಚ್ ನಂಬರಿನಂಥದ್ದೇ), ಯಾರಿಂದ ಯಾರಿಗೆ ಎಷ್ಟು ಮೂಟೆ ಅನ್ನುವ ದಾಖಲೆ. ಯುರೋಪಿನ 2002ರ ಆಹಾರ ಕಾನೂನು, ಆಹಾರದ ವ್ಯವಹಾರ ಮಾಡುವ ಪ್ರತಿಯೊಬ್ಬರೂ ಯಾರಿಂದ ಕೊಂಡೆ, ಯಾವ ವ್ಯಾಪಾರಿಗೆ ಮಾರಿದೆ ಅಂತ ಬರೆದಿಡಲೇಬೇಕು ಅನ್ನುತ್ತದೆ. ಹಿಂದಕ್ಕೆ ಒಂದು ಹೆಜ್ಜೆ, ಮುಂದಕ್ಕೆ ಒಂದು ಹೆಜ್ಜೆ. ಆ ಕಾಗದಗಳನ್ನು ಪೋಣಿಸಿ ಎರಡು ವರ್ಷ ಹಿಂದಿನ ಹಡಗಿಗೆ ಹೋಗಿ ಮುಟ್ಟಿದರು.

ಈ ಕಥೆ ಹೇಳಿದಾಗಲೆಲ್ಲ ಮೊಳಕೆ ಕಾಳು ತಿನ್ನಬಾರದೇ ಅಂತ ಒಬ್ಬರಾದರೂ ಕೇಳುತ್ತಾರೆ. ಮೊಳಕೆ ಬರುವುದಕ್ಕೆ ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಕ್ಕೂ ಬೇಕು, ಚೆನ್ನಾಗಿ ಬೇಯಿಸಿ ತಿಂದರೆ ಚಿಂತೆಯಿಲ್ಲ ಅನ್ನುತ್ತೇನೆ. ಆದರೆ ನಾನು ಕಥೆ ಹೇಳುವುದು ಅದಕ್ಕಲ್ಲ. ಆಹಾರದ ದಾರಿಯನ್ನು ಹಿಂದುಮುಂದಾಗಿ ಕಲಿಸಬೇಕು ಅನ್ನುವುದು ನನಗೆ ಹೊಳೆದದ್ದು ಇಲ್ಲಿಂದ. ನಾವು ಯಾವಾಗಲೂ ಬಿತ್ತನೆಯಿಂದ ಶುರು ಮಾಡುತ್ತೇವೆ. ಬೀಜ, ಮಳೆ, ಪೈರು. ಕೊಯ್ಲಿಗೆ ಬರುವ ಹೊತ್ತಿಗೆ ಗಂಟೆ ಹೊಡೆಯುತ್ತದೆ, ಪಾಠ ಅಲ್ಲಿಗೇ ನಿಲ್ಲುತ್ತದೆ. ತನಿಖೆಯವರಂತೆ ತಟ್ಟೆಯಿಂದ ಹಿಂದಕ್ಕೆ ನಡೆದರೆ ನಡುವಿನ ಯಾವ ಮನೆಯನ್ನೂ ಹಾರಿಸುವ ಹಾಗಿಲ್ಲ. ಈ ಚಿಟಿಕೆ ಯಾರ ಕೈಯಿಂದ ಬಂತು, ಅವರಿಗೆ ಯಾರು ಕೊಟ್ಟರು, ಅಂತ ಒಂದೊಂದೇ ಬಾಗಿಲು ತಟ್ಟಬೇಕು.

ಜಗತ್ತಿನಲ್ಲಿ ಈ ಕಲಿಸುವ ಕೆಲಸ ನಡೆಯುತ್ತಿಲ್ಲ ಅಂತೇನೂ ಇಲ್ಲ. ಜಪಾನ್ 2005ರಲ್ಲಿ ‘ಶೊಕುಇಕು’, ಅಂದರೆ ಆಹಾರ ಶಿಕ್ಷಣಕ್ಕೆಂದೇ ಒಂದು ಕಾನೂನು ಮಾಡಿತು. ಬ್ರಿಟನ್ನಿನಲ್ಲಿ 2006ರಿಂದ ವರ್ಷಕ್ಕೊಂದು ಭಾನುವಾರ ಹೊಲಗಳ ಗೇಟು ತೆರೆದು ಜನರನ್ನು ಒಳಗೆ ಬಿಡುತ್ತಾರೆ. ಒಳ್ಳೆಯದೇ. ಆದರೆ ಹೊಲಕ್ಕೆ ಹೋದವರು ಕರುವಿನ ಜೊತೆ ಫೋಟೋ ತೆಗೆಸಿಕೊಂಡು, ಹೊಟ್ಟೆ ತಣ್ಣಗಾಗಿ ಮನೆಗೆ ಬರುತ್ತಾರೆ. ನಡುರಾತ್ರಿಯ ಸಗಟು ಮಾರುಕಟ್ಟೆಗೆ, ಗಿರಣಿಯ ಧೂಳಿಗೆ, ಕ್ರೇಟು ತೊಳೆಯುವ ಜಾಗಕ್ಕೆ ಯಾರೂ ಬಸ್ಸು ಮಾಡಿಕೊಂಡು ಹೋಗುವುದಿಲ್ಲ. ನಾನು ಕರೆದುಕೊಂಡು ಹೋಗಿದ್ದೇನೆ, ಅದರಲ್ಲಿ ಎಡವಿದ್ದೇನೆ ಕೂಡ.

ಒಮ್ಮೆ ಮಕ್ಕಳನ್ನು ಸೇಬಿನ ದಾಸ್ತಾನಿಗೆ ಕರೆದೊಯ್ದಿದ್ದೆ. ಅಲ್ಲಿ ಆಮ್ಲಜನಕವನ್ನು ಶೇ. 1ರಿಂದ 3ಕ್ಕೆ ಇಳಿಸಿ ಹಣ್ಣನ್ನು ತಿಂಗಳುಗಟ್ಟಲೆ ತಡೆಹಿಡಿಯುತ್ತಾರೆ. ಬಾಗಿಲಲ್ಲಿ ಅಂಗೈಯಗಲದ ಒಂದು ಗಾಜು. ಒಳಗೆ ಹೋದ ಮನುಷ್ಯ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪುತ್ತಾನೆ, ಹಾಗಾಗಿ ಇಣುಕುವುದಷ್ಟೇ. ಒಬ್ಬ ಹುಡುಗ ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿ, “ಮೇಡಂ, ಅವಕ್ಕೆ ಉಸಿರು ಕಟ್ಟಲ್ವಾ?” ಅಂದ. ಅಷ್ಟು ಒಳ್ಳೆಯ ಪ್ರಶ್ನೆಯನ್ನು ದೊಡ್ಡವರು ನನಗೆ ಕೇಳಿಲ್ಲ. ಕಟ್ಟುತ್ತದೆ. ಪೂರ್ತಿ ಕಟ್ಟಿದರೆ ಹಣ್ಣು ಹುಳಿತು ಕೆಡುತ್ತದೆ. ಕಟ್ಟದಷ್ಟು, ಆದರೆ ಏದುಸಿರು ಬಿಡದಷ್ಟು, ಆ ಸಣ್ಣ ಅಂತರದಲ್ಲಿ ಇಡುವುದೇ ಅಲ್ಲಿನವರ ಕಸುಬು.

ಎಡವಿದ್ದು ಇನ್ನೊಂದು ಕಡೆ. ದೊಡ್ಡವರ ಗುಂಪನ್ನು ಪ್ಯಾಕಿಂಗ್ ಹೌಸಿಗೆ ಕರೆದೊಯ್ದಿದ್ದೆ. ಬೆಲ್ಟಿನ ಮೇಲೆ ಹಣ್ಣು ಓಡುತ್ತಿತ್ತು, ಎರಡೂ ಬದಿಯಲ್ಲಿ ಹೆಂಗಸರು ನಿಂತು ಡಾಗು ಬಿದ್ದದ್ದನ್ನು ಆರಿಸಿ ತೆಗೆಯುತ್ತಿದ್ದರು. ನಮ್ಮವರು ಅವರ ಕೈಗಳ ಫೋಟೋ ತೆಗೆಯತೊಡಗಿದರು. ಎಷ್ಟು ಚುರುಕು, ಎಷ್ಟು ನಾಜೂಕು ಅಂತ ಹೊಗಳಿಕೆ ಬೇರೆ. ಒಬ್ಬಾಕೆ ತಲೆ ಎತ್ತದೆಯೇ, “ಫೋಟೋ ಆಮೇಲೆ ತಗೊಳ್ಳಿ ಮೇಡಂ, ಗಂಟೆಗೆ ಎಷ್ಟು ಕ್ರೇಟು ಮಾಡ್ಬೇಕು ಅಂತ ಕೇಳಿ ಮೊದ್ಲು” ಅಂದರು. ನಾನು ಕೇಳಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ ಬೆಲ್ಟಿನ ವೇಗ ಇತ್ತು, ಉಷ್ಣತೆ ಇತ್ತು, ಆ ಪ್ರಶ್ನೆ ಇರಲಿಲ್ಲ. ಆವತ್ತಿನಿಂದ ಎಲ್ಲಿಗೆ ಹೋದರೂ ಮೊದಲ ಹತ್ತು ನಿಮಿಷ ಅಲ್ಲಿ ದುಡಿಯುವವರ ಕೈಗೆ ಮೈಕು.

ತಪ್ಪು ಕಲಿಸುವುದರ ಬಗ್ಗೆಯೂ ಒಂದು ಮಾತು. ದೂರದಿಂದ ಬಂದ ಆಹಾರ ಪರಿಸರಕ್ಕೆ ಕೆಟ್ಟದ್ದು, ಹತ್ತಿರದ್ದು ಒಳ್ಳೆಯದು ಅನ್ನುವುದು ಪೋಸ್ಟರಿನಲ್ಲಿ ಬರೆಯಲು ಹೇಳಿಮಾಡಿಸಿದಂತಿದೆ. ಅಮೆರಿಕದ ಕುಟುಂಬಗಳ ಆಹಾರದ ಬಗ್ಗೆ 2008ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆಹಾರದಿಂದಾಗುವ ಹಸಿರುಮನೆ ಅನಿಲದಲ್ಲಿ ಸಾಗಾಟದ ಪಾಲು ಒಟ್ಟು ಶೇ. 11. ಉತ್ಪಾದಕರಿಂದ ಅಂಗಡಿಗೆ ಬರುವ ಕೊನೆಯ ಸಾಗಾಟ ಬರೀ ಶೇ. 4. ಬೆಳೆಯುವಾಗ, ಸಾಕುವಾಗ ಆಗುವುದೇ ಶೇ. 83. ಹಡಗಿನಲ್ಲಿ ನಿಧಾನವಾಗಿ ಬಂದ ಕಾಳಿಗಿಂತ ಪಕ್ಕದಲ್ಲೇ ಹೀಟರು ಹಾಕಿ ಬೆಳೆಸಿದ ತರಕಾರಿ ಹೆಚ್ಚು ಇಂಧನ ಸುಟ್ಟಿರಬಹುದು. ಹತ್ತಿರದ್ದನ್ನು ಕೊಳ್ಳಲು ಬೇರೆ ಒಳ್ಳೆಯ ಕಾರಣಗಳಿವೆ. ಆ ಕಾರಣಗಳನ್ನೇ ಹೇಳೋಣ, ಮೈಲಿಗಲ್ಲು ಎಣಿಸುವುದು ಬೇಡ.

ಕೊನೆಯ ಕೊಂಡಿ ನಮ್ಮ ಮನೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರವನ್ನು ಬಿಸಾಡಿದೆ. ಗ್ರಾಹಕರ ಕೈಗೆಟುಕುವ ಆಹಾರದಲ್ಲಿ ಅದು ಶೇ. 19. ಹೋಟೆಲು, ಅಂಗಡಿ ಬಿಟ್ಟು ಬರೀ ಮನೆಗಳದ್ದೇ ಅದರಲ್ಲಿ ಶೇ. 60. ಅದಕ್ಕೆ ಮೊದಲು, ಕೊಯ್ಲಿಗೂ ಅಂಗಡಿಗೂ ನಡುವೆ ಹಾಳಾಗುವುದು ಬೇರೆ ಲೆಕ್ಕ. ಬಿಸಾಡುವುದಕ್ಕೆ ಒಂದು ಕಾರಣ ಪೊಟ್ಟಣದ ಮೇಲಿನ ತಾರೀಕು. ‘ಈ ದಿನಾಂಕದ ಮೊದಲು ಉತ್ತಮ’ ಅಂತ ಇದ್ದರೆ ಅದು ರುಚಿಯ, ಗರಿಗರಿಯ ಮಾತು. ದಾಟಿದ ಮರುದಿನವೇ ವಿಷವಾಗುವುದಿಲ್ಲ, ಮೂಸಿ ನೋಡಿ, ರುಚಿ ನೋಡಿ. ‘ಈ ದಿನಾಂಕದೊಳಗೆ ಬಳಸಿ’ ಅಂತ ಇದ್ದರೆ ಅದು ಸುರಕ್ಷತೆಯ ಮಾತು. ಅಲ್ಲಿ ಮೂಗನ್ನು ನಂಬಬೇಡಿ, ರೋಗ ತರುವ ಬ್ಯಾಕ್ಟೀರಿಯಾ ವಾಸನೆ ಬರಿಸಿಯೇ ತೀರುತ್ತದೆ ಅಂತಿಲ್ಲ. ಎರಡು ಸಾಲಿನ ಈ ವ್ಯತ್ಯಾಸವನ್ನು ಇಡೀ ಊರಿಗೆ ಕಲಿಸಲು ಒಂದು ಸಂಜೆ ಸಾಕು. ಆದರೂ ನಾವು ಅದನ್ನು ಬಿಟ್ಟು ಹಸುವಿನ ಚಿತ್ರಕ್ಕೆ ಬಣ್ಣ ತುಂಬಿಸುತ್ತಿದ್ದೇವೆ.

ಸರಿ, ಪೊಟ್ಟಣ ಹಿಡಿದವರು ಏನಂತೀರಿ? ಬ್ಯಾಚ್ ನಂಬರ್ ಸಿಕ್ಕಿತೇ?

(ಏಳೆಂಟು ಜನರಲ್ಲಿ ಮೂವರಿಗೆ ಸಿಕ್ಕಿತ್ತು. ಇಬ್ಬರು ಬೆಲೆಯನ್ನೇ ಬ್ಯಾಚ್ ನಂಬರ್ ಅಂದುಕೊಂಡಿದ್ದರು. ಮೂರನೆಯ ಸಾಲಿನ ಹಿರಿಯರೊಬ್ಬರು ಪೊಟ್ಟಣದ ಬೆನ್ನಿನ ಮಡಿಕೆಯನ್ನು ಉಗುರಿನಿಂದ ಬಿಡಿಸಿ, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದುಕೊಂಡರು.)

ಓದಿ ಸಾರ್, ಜೋರಾಗಿ.

“ಏನೋ ಅಕ್ಷರ ಇದೆ... ಆಮೇಲೆ ನಂಬರು... ಪಕ್ಕದಲ್ಲಿ 14:32 ಅಂತ ಇದೆಯಮ್ಮ. ಇದೇನಿದು?”

ಗಂಟೆ ಸಾರ್. ಆವತ್ತು ಮಧ್ಯಾಹ್ನ ಎರಡೂವರೆ ದಾಟಿ ಎರಡು ನಿಮಿಷಕ್ಕೆ ನಿಮ್ಮ ಕೈಯಲ್ಲಿರುವುದು ಪೊಟ್ಟಣದೊಳಗೆ ಹೋಯಿತು. ಅಲ್ಲಿ ಯಾರೋ ಆ ಯಂತ್ರದ ಮುಂದೆ ನಿಂತಿದ್ದರು.

ಅವರು ಪೊಟ್ಟಣವನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. “ಎರಡೂವರೆಗೆ ನಾನು ಊಟ ಮುಗಿಸಿ ಮಲಗಿರ್ತೀನಿ ನೋಡಿ,” ಅಂದರು.